ಬೆರ್ತೀಲಳ ಹತ್ತೊಂಬತ್ತು ಮರ

ಬೆರ್ತೀಲ್ ಅಮಾರ್ ಕೂತು ಊಟ ಮಾಡಿದ್ದನ್ನು ಕಂಡವರು ಲಾ ಉಸ್ಸೇ ಹಳ್ಳಿಯಲ್ಲಿ ಯಾರೂ ಇಲ್ಲ. ಕರಿಗೋಧಿಯ ಗಲೆತ್ತನ್ನು ದೋಸೆಯ ಹಾಗೆ ಸುರುಳಿ ಸುತ್ತಿ ಒಂದು ಕೈಯಲ್ಲಿ ಹಿಡಿದಳೆಂದರೆ ಇನ್ನೊಂದು ಕೈ ಕೋಳಿಗಳಿಗೆ ಕಾಳು ಚೆಲ್ಲುತ್ತಿರುತ್ತಿತ್ತು. ಚರ್ಚಿನಲ್ಲಿ ಎಲ್ಲರೂ ಮಂಡಿಯೂರಿದಾಗಲೂ ಅವಳ ಮರದ ಚಪ್ಪಲಿ ಕಲ್ಲುನೆಲದ ಮೇಲೆ ಟಕಟಕ ಅನ್ನುತ್ತಿತ್ತು. ಹತ್ತೊಂಬತ್ತನೆಯ ವಯಸ್ಸಿಗೆ ಅವಳ ತಾಯಿ ಅವಳನ್ನು ಪಟ್ಟಣದ ಕನ್ಯಾಮಠಕ್ಕೆ ಬಿಟ್ಟು ಬಂದರೆ, ಮೂರನೆಯ ವಾರ ಗಂಟು ಹೊತ್ತುಕೊಂಡು ಇಪ್ಪತ್ತೆರಡು ಕಿಲೋಮೀಟರ್ ನಡೆದು ಮನೆಗೆ ಬಂದಳು. ಇಪ್ಪತ್ತಾರಕ್ಕೆ ಪೀಪಾಯಿ ಕಟ್ಟುವವನೊಬ್ಬ ಕೇಳಿಕೊಂಡು ಬಂದ. ಈಸ್ಟರಿಗೆ ಹೂಂ ಅಂದಳು, ಏಳು ವಾರ ಕಳೆದು ಉಹೂಂ ಅಂದಳು, ಜೂನಿನಲ್ಲಿ ಸಂತ ಜಾನನ ಹಬ್ಬದ ಬೆಂಕಿ ಹಾಕುವ ಹೊತ್ತಿಗೆ ಮತ್ತೆ ಹೂಂ ಅಂದಳು. ಅಷ್ಟರಲ್ಲಿ ಅವನು ಬೇರೆ ಊರಿನಲ್ಲಿ ಉಂಗುರ ಬದಲಾಯಿಸಿಕೊಂಡಾಗಿತ್ತು. ಅಂದಿನಿಂದ ಮೋಡ ಕವಿದು ಬಿಸಿಲು ಬಂದು ಮತ್ತೆ ಕವಿದರೆ ಊರಿನವರು, "ಇವತ್ತು ಆಕಾಶ ಬೆರ್ತೀಲ್ ಥರಾ ಇದೆ ಕಣ್ರೋ, ಹುಲ್ಲು ಒಣಗಿಸ್ಬೇಡಿ" ಎಂದು ನಗುತ್ತಿದ್ದರು.

ಅವಳಿಗೆ ಈಗ ಐವತ್ತೆರಡು. ಮನೆಯಲ್ಲಿ ಅವಳೂ ತಮ್ಮ ಅಶೀಲನೂ ಇಬ್ಬರೇ. ಅಶೀಲನ ಸೊಂಟವನ್ನು ಗಾಡಿಯ ಗಾಲಿ ಮುರಿದು ಇಪ್ಪತ್ತು ವರ್ಷವಾಗಿತ್ತು. ಅವನು ಅಡುಗೆಮನೆಯ ಕಿಟಕಿಯ ಪಕ್ಕ ಕೂತು ಬುಟ್ಟಿ ಹೆಣೆಯುತ್ತಿದ್ದ, ಚುಟ್ಟ ಸೇದುತ್ತಿದ್ದ, ಅಕ್ಕನನ್ನು ಅಣಕಿಸುತ್ತಿದ್ದ. ಉಳಿದದ್ದೆಲ್ಲ ಅವಳ ಪಾಲು. ಏಳು ಹಸು, ಒಂದು ಹೆಣ್ಣುಹಂದಿ, ಚೂರುಚೂರಾಗಿ ಒಂಬತ್ತು ಕಡೆ ಹರಡಿದ ಹೊಲ. ಆ ಒಂಬತ್ತರಲ್ಲಿ ಅವಳು ಎಂದೂ ಹೂಂ ಉಹೂಂ ಎಂದು ತೂಗಿ ನೋಡದೆ ಇದ್ದದ್ದು ಒಂದೇ, ಕ್ಲೋ ಹೊಲ.

ಕ್ಲೋದಲ್ಲಿ ಹತ್ತೊಂಬತ್ತು ಮರಸೇಬಿನ ಮರಗಳಿದ್ದವು. ಬಾಯಿಗಿಟ್ಟರೆ ನಾಲಿಗೆ ಮರಗಟ್ಟುವ ಒಗರು ಕಾಯಿಯ ಜಾತಿ. ಹಿಂಡಿ ಪೀಪಾಯಿಯಲ್ಲಿಟ್ಟರೆ ಚಳಿಗಾಲ ಕಳೆಯುವುದರೊಳಗೆ ಹೊನ್ನಿನ ಬಣ್ಣದ, ಮೂಗಿಗೆ ಬುರುಗು ಹಾರುವ ಪೊಯಿರೆ ಎಂಬ ಮದ್ಯ ಆಗುತ್ತಿತ್ತು. ಚರ್ಚಿನ ಗೋಪುರದಷ್ಟು ಎತ್ತರದ ಆ ಮರಗಳನ್ನು ದೂರದೂರಕ್ಕೆ ನೆಟ್ಟವರು ಅವಳ ಮುತ್ತಜ್ಜನ ಕಾಲದವರು. ಎರಡು ಸಾಲಿನ ನಡುವೆ ಒಂದು ವರ್ಷ ಕರಿಗೋಧಿ, ಒಂದು ವರ್ಷ ಓಟ್ಸ್, ಆಮೇಲೆ ಮೂರು ವರ್ಷ ಹುಲ್ಲು. ಹುಲ್ಲಿದ್ದಾಗ ಹಸುಗಳು ಬೇಸಿಗೆಯ ಮಧ್ಯಾಹ್ನ ನೆರಳಿಗೆ ಬಂದು ಮಲಗುತ್ತಿದ್ದವು, ಮಲಗಿದಲ್ಲೇ ಸೆಗಣಿ ಹಾಕುತ್ತಿದ್ದವು, ಬೇರಿಗೆ ಬೇಕಾದದ್ದನ್ನು ಹೊರಬೇಕಾದ ಕಷ್ಟ ಬೆರ್ತೀಲಳಿಗೆ ತಪ್ಪುತ್ತಿತ್ತು. ಸೆಪ್ಟೆಂಬರಿನಲ್ಲಿ ಕಾಯಿ ಉದುರಲು ಶುರುವಾಯಿತೆಂದರೆ ಅವಳು ಸೊಂಟ ಬಗ್ಗಿಸಿದವಳು ನವೆಂಬರ್ ಮುಗಿಯುವವರೆಗೂ ಎತ್ತುತ್ತಿರಲಿಲ್ಲ. ಆ ಹೊಲದಲ್ಲಿ ಅವಳ ಕಾಲಿಗೆ ಬೇಕಾದಷ್ಟು ಓಡಾಟವೂ ಇತ್ತು, ಕೈಗೆ ಬೇಕಾದಷ್ಟು ಕೆಲಸವೂ ಇತ್ತು.

ಆ ವರ್ಷ ಮೇಯರ್ ಕಚೇರಿಯ ಗೋಡೆಗೆ ಹೊಸ ನಕ್ಷೆ ಅಂಟಿಸಿದರು. ಚೂರು ಹೊಲಗಳನ್ನೆಲ್ಲ ಕಲಸಿ ಒಬ್ಬೊಬ್ಬರಿಗೆ ಒಂದೋ ಎರಡೋ ದೊಡ್ಡ ತುಂಡು ಕೊಡುವ ಸರ್ಕಾರದ ಏರ್ಪಾಡು, ಟ್ರ್ಯಾಕ್ಟರ್ ಸಲೀಸಾಗಿ ತಿರುಗಲಿ ಎಂದು. ಬೆರ್ತೀಲಳಿಗೆ ಮನೆಯ ಹಿಂದೆಯೇ, ರಸ್ತೆಗೆ ತಾಗಿದಂತೆ ದೊಡ್ಡ ಹೊಲ ಸಿಕ್ಕಿತು. ಅದು ಕ್ಲೋದ ಬೇಲಿಯಾಚೆ ಹಸು ಮೇಯಿಸುವ ಇಸಿದೋರನದಾಗಿತ್ತು. ಕ್ಲೋ ಇಸಿದೋರನಿಗೆ ಹೋಯಿತು. ನವೆಂಬರ್ ಒಂದು, ಸಕಲ ಸಂತರ ಹಬ್ಬದ ದಿನ, ನೆಲ ಕೈ ಬದಲಾಗಬೇಕು. ಮರಗಳಿಗೆ ಬೆಲೆ ಕಟ್ಟುವ ಬಗ್ಗೆ ಊರಿನ ಸಮಿತಿ ಎರಡು ಸಂಜೆ ಕೂತು ಜಗಳವಾಡಿ ಕೈಬಿಟ್ಟಿತು. ಹಬ್ಬದವರೆಗೆ ನಿಂತ ಮರ ಹಳೆಯ ಮಾಲಿಕನದು, ಹಬ್ಬದಿಂದಾಚೆಗೆ ನೆಲದ ಜೊತೆಗೆ ಹೋಗುತ್ತದೆ ಎಂದಷ್ಟೇ ತೀರ್ಮಾನವಾಯಿತು.

ಅಷ್ಟು ಸಾಕಾಯಿತು. ಅಕ್ಟೋಬರ್ ಪೂರ್ತಿ ನಾಲ್ಕೂ ದಿಕ್ಕಿನಲ್ಲಿ ಮೋಟಾರು ಗರಗಸ ಕೂಗಿತು. ತಾತ ನೆಟ್ಟದ್ದನ್ನು ಪಕ್ಕದ ಮನೆಯವನು ಒಲೆಗೆ ಹಾಕಿ ಮೈ ಕಾಯಿಸಿಕೊಳ್ಳಬಾರದೆಂದು, ಹತ್ತು ವರ್ಷಕ್ಕೆ ಸಾಲುವಷ್ಟು ಸೌದೆ ಇದ್ದವರೂ ಕಡಿದರು.

"ಎಲ್ರೂ ಕಡೀತಿದಾರೆ, ನಿನಗೇನು ಬಂತು?" ಎಂದು ಅಶೀಲ್ ಕಿಟಕಿಯಿಂದ ಗೊಣಗಿದ. "ಆ ಇಸಿದೋರ್ ನಮ್ಮ ಮರದ ಕೆಳಗೆ ನಿಂತು ನಮ್ಮ ಪೊಯಿರೆ ಕುಡೀತಾನೆ, ನಾವಿಲ್ಲಿ ಹಸಿ ಕಡ್ಡಿ ಊದ್ತಾ ಕೂತಿರ್ತೀವಿ. ಚೆನ್ನಾಗಿರುತ್ತೆ."

"ಬಾಯ್ಮುಚ್ಚು. ಯೋಚ್ನೆ ಮಾಡ್ತಿದೀನಿ."

"ನೀನು ಯೋಚ್ನೆ ಮಾಡೋ ಹೊತ್ಗೆ ಕ್ರಿಸ್ಮಸ್ ಬರುತ್ತೆ."

ಗರಗಸದ ಎವಾರಿಸ್ತ್ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಹತ್ತಿರ ಟೋಪಿ ತೆಗೆದು, ಮದುವೆಯಾಗದವಳಿಗೆ ಸಲ್ಲುವ ಮರ್ಯಾದೆಯ ಮಾತಿನಿಂದ ಕೇಳಿದ್ದ, "ಮಾದ್ಮೊಸೆಲ್, ನನ್ಗೆ ಗುರುವಾರ ಒಂದೇ ಖಾಲಿ. ಇಟ್ಕೊಳ್ಲಾ?" ಬೆರ್ತೀಲ್ ಇಟ್ಟುಕೋ ಅಂದಳು. ಸೋಮವಾರ ಸೈಕಲ್ ತುಳಿದುಕೊಂಡು ಹೋಗಿ ಬೇಡ ಅಂದಳು. ಮಂಗಳವಾರ ತನ್ನದಾಗಲಿರುವ ಹೊಲವನ್ನು ನೋಡಲು ಹೋದರೆ, ಬದುವಿನ ಮೇಲಿದ್ದ ಇಸಿದೋರನ ಓಕ್ ಮರಗಳೆಲ್ಲ ನೆಲಕ್ಕುರುಳಿ ಬರೀ ಬೊಡ್ಡೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಅಲ್ಲಿಂದಲೇ ಸೈಕಲ್ ತಿರುಗಿಸಿ ಎವಾರಿಸ್ತನ ಮನೆ ಬಾಗಿಲಿನಲ್ಲಿ ನಿಂತು, "ಬಾ! ಬುಡಸಮೇತ ಬಾ!" ಎಂದು ಕೂಗಿದಳು. ಬುಧವಾರ ಬೆಳಿಗ್ಗೆ ಮತ್ತೆ ಹೋಗಿ ಬೇಡ ಅಂದಳು. ಎವಾರಿಸ್ತ್ ಕೊಟ್ಟಿಗೆಯ ಬಾಗಿಲ ಮೇಲೆ, ಅವಳು ಮಾತು ಬದಲಾಯಿಸಿದ ಲೆಕ್ಕಕ್ಕೆ, ಸೀಮೆಸುಣ್ಣದಿಂದ ಇನ್ನೊಂದು ಗೀಟು ಎಳೆದ.

ಆ ವಾರ ಅವಳು ಕ್ಲೋ ಹೊಲಕ್ಕೆ ದಿನಕ್ಕೆ ಐದಾರು ಸಲ ಹೋಗಿ ಬರುತ್ತಿದ್ದಳು. ಕಾಯಿ ಆರಿಸಲು ಬುಟ್ಟಿ ತೆಗೆದುಕೊಂಡು ಹೋಗಿ ಖಾಲಿ ಬುಟ್ಟಿಯಲ್ಲೇ ಹಿಂದಿರುಗುತ್ತಿದ್ದಳು. ಇಸಿದೋರನ ಕೈಗೆ ಮರಗಳು ಹೋದರೆ ವಸಂತ ಬರುವ ಮೊದಲೇ ಅವನು ಕಡಿದು ಹಾಕುತ್ತಾನೆ ಎಂದು ಒಮ್ಮೆ ಅನ್ನಿಸುತ್ತಿತ್ತು, ಆಗ ನಾನೇ ಕಡಿಸುವುದು ವಾಸಿ. ಅವನು ಕಡಿಯದೆ ಇಟ್ಟುಕೊಂಡರೆ? ಆಗ ಪ್ರತಿ ಏಪ್ರಿಲಿನಲ್ಲಿ ತನ್ನ ಅಡುಗೆಮನೆಯಿಂದ ಆ ಬಿಳೀ ಹೂವನ್ನು ನೋಡಬೇಕಾಗುತ್ತದೆ. ಯಾವುದು ಹೆಚ್ಚು ಉರಿ ಎಂದು ತಿಳಿಯದೆ ಅವಳಿಗೆ ಮೈಯೆಲ್ಲ ಇರುವೆ ಹರಿದಂತಾಗುತ್ತಿತ್ತು.

ಗುರುವಾರ ಬೆಳಿಗ್ಗೆ ಅವಳು ಕಾಫಿಯ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿ ಅಂದಳು: "ಕಡೀಲಿ. ಸಾಕಾಯ್ತು. ಪೋಸ್ಟಿನವನು ಬಂದ್ರೆ ಎವಾರಿಸ್ತ್‌ಗೆ ಹೇಳಿ ಕಳ್ಸು."

"ಖಂಡಿತನಾ?"

"ಕಿವುಡನಾ ನೀನು?"

ಮರ ಬೀಳುವುದನ್ನು ನೋಡಲಾರೆನೆಂದು ಅವಳು ಎದುರು ದಿಕ್ಕಿಗೆ ನಡೆದಳು. ಎಲ್ಲಿಗೆ ಎಂದು ಅವಳಿಗೇ ಗೊತ್ತಿರಲಿಲ್ಲ. ಹೊಳೆ ದಾಟಿ, ಗಿರಣಿ ದಾಟಿ, ಬದುಗಳ ನಡುವಿನ ಕೆಸರುದಾರಿಯಲ್ಲಿ ಸುತ್ತುಹಾಕಿ ಕೊನೆಗೆ ಅವಳ ಕಾಲು ನಿಂತದ್ದು ಇಸಿದೋರನ ಅಂಗಳದಲ್ಲಿ.

ಇಸಿದೋರ್ ಅವಳಿಗಿಂತ ಎರಡು ವರ್ಷ ದೊಡ್ಡವನು, ಒಂದೇ ಶಾಲೆಯಲ್ಲಿ ಓದಿದವನು. ಚಿಕ್ಕಂದಿನಲ್ಲಿ ಇಬ್ಬರೂ ಕ್ಲೋದ ಮರ ಹತ್ತಿ ಜಡೆ ಎಳೆದಾಡಿಕೊಂಡವರೇ. ಎಂಟು ವರ್ಷದ ಹಿಂದೆ ಅವನ ಮಾರ್ಕೀಸ್ ಎಂಬ ಹಸು ಬೇಲಿಯ ಸಂದಿನಲ್ಲಿ ಕತ್ತು ತೂರಿಸಿ ಬೆರ್ತೀಲಳ ಮರದ ಕಾಯಿಯನ್ನು ಇಡಿಯಾಗಿ ನುಂಗಿ, ಗಂಟಲಿಗೆ ಸಿಕ್ಕಿ ಹೊಟ್ಟೆಯುಬ್ಬರಿಸಿ ಸತ್ತಿತು. ಬೇಲಿ ನಿಮ್ಮದು ಎಂದು ಅವನು, ಹಸು ನಿಮ್ಮದು ಎಂದು ಅವಳು. ಅಂದಿನಿಂದ ಇಬ್ಬರ ನಡುವೆ 'ನೀನು' ಹೋಗಿ 'ನೀವು' ಬಂದಿತ್ತು. ಅವನ ಹೆಂಡತಿ ತೀರಿಕೊಂಡಾಗಲೂ ಬೆರ್ತೀಲ್ ಹೂವಿಟ್ಟು ಮಾತಿಲ್ಲದೆ ಬಂದಿದ್ದಳು.

ಅವನು ಹಾಲು ಕರೆದು ಮುಗಿಸಿ ಕ್ಯಾನುಗಳನ್ನು ತೊಳೆಯುತ್ತಿದ್ದ.

"ಏನು ಮಾದ್ಮೊಸೆಲ್ ಅಮಾರ್, ದಾರಿ ತಪ್ಪಿದ್ರಾ?"

"ನಿಮ್ಮ ಓಕ್ ಮರ ಎಲ್ಲಿ?"

"ಒಟ್ಟಿದೀನಿ, ಕೊಟ್ಟಿಗೆ ಹಿಂದೆ. ಲೆಕ್ಕ ಹಾಕ್ತೀರಾ?"

"ನಂಗೆ ಬೊಡ್ಡೆ ಬಿಟ್ಟಿದೀರಿ."

"ಬೊಡ್ಡೆ ನೆಲದ ಜೊತೆ ಬರುತ್ತೆ. ನಾನೇನು ಕಿತ್ಕೊಂಡು ಹೋಗಕ್ಕಾಗುತ್ತಾ?"

"ಹಾಗಾದ್ರೆ ನಾನೂ ಹತ್ತೊಂಬತ್ತು ಬೊಡ್ಡೆ ಬಿಡ್ತೀನಿ. ಮೊಣಕಾಲೆತ್ತರ. ನಿಮ್ಮ ಟ್ರ್ಯಾಕ್ಟರ್ರು ಒಂದೊಂದ್ರ ಮುಂದೆನೂ ನಿಂತು ಕೆಟ್ಟ ಮಾತಾಡ್ಬೇಕು, ಹಂಗೆ."

ಇಸಿದೋರ್ ಕ್ಯಾನು ಕೆಳಗಿಟ್ಟು ಅವಳನ್ನು ನೋಡಿದ. ಅವಳು ಮಾತಾಡುತ್ತಲೇ ಅವನು ತೊಳೆದಿಟ್ಟ ಕ್ಯಾನುಗಳನ್ನು ಗೋಡೆಗೆ ಸಾಲಾಗಿ ಜೋಡಿಸುತ್ತಿದ್ದಳು, ಜೋಡಿಸಿದ್ದನ್ನು ಮತ್ತೆ ಬದಲಾಯಿಸುತ್ತಿದ್ದಳು.

"ಕಡಿಯೋದಿದ್ರೆ ಕಡೀರಿ. ನಂಗ್ಯಾಕೆ ಹೇಳಕ್ಕೆ ಬಂದ್ರಿ?"

ಅವಳು ಕ್ಯಾನಿನ ಮುಚ್ಚಳ ತಿರುಗಿಸಿದಳು. ಆಮೇಲೆ ಒಮ್ಮೆಗೇ ಬಾಯಿಗೆ ಬಂತು.

"ನಕ್ಷೇಲಿ ಮರ ಬರ್ದಿಲ್ಲ, ನೋಡಿದ್ರಾ? ಗೆರೆ ಇದೆ, ನಂಬರಿದೆ, ಮರ ಇಲ್ಲ. ಅವರು ಬರೀದೆ ಬಿಟ್ಟಿದ್ದನ್ನ ನಾವು ಹಂಚ್ಕೊಂಡ್ರೆ ಯಾರಿಗೇನು? ನೆಲ ನಿಮ್ದು. ಹುಲ್ಲು ನಿಮ್ದು, ನೆರಳು ನಿಮ್ದು. ಉಳೋದಾದ್ರೆ ನಡುವೆ ಉತ್ಕೊಳ್ಳಿ, ನಮ್ಮಪ್ಪ ಎತ್ತಲ್ಲಿ ಉಳ್ತಿದ್ದ. ಮರ ನಂಗಿರ್ಲಿ. ಹಿಂಡಿದ್ರಲ್ಲಿ ಅರ್ಧ ನಿಮಗೆ."

"ಎಂಟು ವರ್ಷದಿಂದ ನಾನು ಪೊಯಿರೆ ಮುಟ್ಟಿಲ್ಲ."

"ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ."

ಅವನ ಮೀಸೆ ಸ್ವಲ್ಪ ಅಲ್ಲಾಡಿತು. ಕೊಟ್ಟಿಗೆಯ ಕಡೆ ತಲೆ ಆಡಿಸಿ ಅಂದ, "ಇವುಗಳ ಗತಿ? ಮಾರ್ಕೀಸ್ ಥರಾ ಇನ್ನೊಂದು ಸತ್ರೆ? ಪಟ್ಟಿ ಕಟ್ಟೋದು ನನ್ನ ಹೆಂಡ್ತಿ ಕೆಲ್ಸ ಆಗಿತ್ತು. ನನ್ನ ಬೆರಳಿಗೆ ಅದು ಬಗ್ಗಲ್ಲ."

ಅವನು ಹೇಳುತ್ತಿದ್ದದ್ದು ಬ್ರಿಕೋಲ್ ಪಟ್ಟಿಯ ವಿಷಯ. ಕೊಂಬಿನ ಬುಡದಿಂದ ಮುಂಗಾಲುಗಳ ನಡುವೆ ಹಾಯಿಸಿ ಹೊಟ್ಟೆಯ ಸುತ್ತಿನ ಪಟ್ಟಿಗೆ ಬಿಗಿಯುವ ಚರ್ಮದ ಬಾರು. ಅದು ಕಟ್ಟಿದ ಹಸು ಹುಲ್ಲು ಮೇಯಬಲ್ಲದು, ಕೊಂಬೆಗೆ ಬಾಯಿ ಹಾಕಲಾರದು. ಬಿದ್ದ ಕಾಯಿ ಸಿಕ್ಕರೂ ತಲೆ ಮೇಲೆತ್ತಿ ಗುಳುಂ ಮಾಡಲಾರದು, ಅಗಿದೇ ತಿನ್ನಬೇಕು. ಕಾಯಿಯ ಕಾಲದಲ್ಲಿ ಬೆಳಿಗ್ಗೆ ಕಟ್ಟಬೇಕು, ಸಂಜೆ ಬಿಚ್ಚಬೇಕು. ಅಭ್ಯಾಸವಿಲ್ಲದ ಹಸುವಿಗೆ ಕಟ್ಟುವುದೆಂದರೆ ಒದೆ ತಿನ್ನುವುದೆಂದೇ ಅರ್ಥ.

"ನಾನು ಬಂದು ಕಟ್ತೀನಿ," ಅಂದಳು ಬೆರ್ತೀಲ್.

"ಹನ್ನೊಂದಿವೆ."

"ಹನ್ನೊಂದಕ್ಕೂ."

"ಮೂರು ತಿಂಗ್ಳು. ದಿನಾ. ಭಾನುವಾರನೂ."

"ಭಾನುವಾರ ಮನೇಲಿ ಕೂತು ನಾನೇನು ಮಾಡ್ತೀನಿ ಅಂದ್ಕೊಂಡ್ರಿ?"

ಇಸಿದೋರ್ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಇವತ್ತು ಹೇಳ್ತೀರಿ, ನಾಳೆ ಬೇರೆ ಹೇಳ್ತೀರಿ."

"ಹೇಳಲ್ಲ."

ಅವನು ಅಂಗೈ ಚಾಚಿದ. ದನದ ಸಂತೆಯಲ್ಲಿ ವ್ಯಾಪಾರ ಕುದುರಿದಾಗ ಹೊಡೆಯುವಂತೆ ಅವಳು ಅದರ ಮೇಲೆ ತನ್ನ ಅಂಗೈಯನ್ನು ಪಟ್ಟನೆ ಹೊಡೆದಳು. ಆ ಸದ್ದು ಅಡಗಿದಾಗಲೇ ಅವಳಿಗೆ ಗರಗಸ ಕೇಳಿಸಿದ್ದು.

ವಾರಗಳಿಂದ ಕೇಳಿ ಕೇಳಿ ಕಿವಿ ಮರಗಟ್ಟಿದ ಸದ್ದು ಅದು. ಆದರೆ ಓಕ್ ಕೊಯ್ಯುವಾಗಿನ ಸ್ವರವೇ ಬೇರೆ. ಇದು ಸಣ್ಣಗೆ, ಹಲ್ಲು ಜುಂ ಎನ್ನುವಂತೆ ಕಿರುಚುತ್ತಿತ್ತು. ಮರಸೇಬಿನ ಮರ ಕಲ್ಲಿನಷ್ಟು ಗಟ್ಟಿ. ದಿಕ್ಕು ಪಶ್ಚಿಮ, ಕ್ಲೋ ಇರುವ ಕಡೆ. ಬೆಳಿಗ್ಗೆ ಕಾಫಿಯ ಬಟ್ಟಲು ಕುಕ್ಕಿ ತಾನು ಆಡಿದ ಮಾತು ಅವಳಿಗೆ ಆಗ ನೆನಪಾಯಿತು.

ಅವಳು ಓಡಿದಳು. ಕೆಸರಿನಲ್ಲಿ ಒಂದು ಚಪ್ಪಲಿ ಉಳಿಯಿತು, ಇನ್ನೊಂದನ್ನು ತಾನೇ ಒದ್ದಳು. ಹಿಂದಿನಿಂದ ಇಸಿದೋರ್, "ತಡಿ! ಬದು ಹತ್ಬೇಡ, ಈ ಕಡೆ ಬಾ, ಗೇಟಿದೆ!" ಎಂದು ಕೂಗುತ್ತಿದ್ದ.

ಕ್ಲೋದಲ್ಲಿ ನಾಲ್ಕು ಮರ ಬಿದ್ದಿದ್ದವು. ಆಕಾಶ ಅಲ್ಲಿ ಅಷ್ಟಗಲ ತೆರೆದುಕೊಂಡಿದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಐದನೆಯ ಮರದ ಬುಡಕ್ಕೆ ಎವಾರಿಸ್ತ್ ಗರಗಸ ಇಟ್ಟಿದ್ದ. ಅವಳು ಬಂದು ಅವನ ತೋಳು ಹಿಡಿದು ಜಗ್ಗಿದಳು. ಯಂತ್ರ ಕೆಮ್ಮಿ ನಿಂತಿತು.

"ಬೇಡ ಅಂದಿದ್ನಲ್ಲಾ! ನಿನ್ನೆ ಬೇಡ ಅಂದಿದ್ನಲ್ಲಾ!"

ಎವಾರಿಸ್ತ್ ಹೊಟ್ಟು ಮೆತ್ತಿದ ಮುಖ ಒರೆಸಿಕೊಂಡ. ಅವನಿಗೂ ಸಿಟ್ಟು ಬಂದಿತ್ತು. "ಯಾವ ಮಾತು ನಂಬ್ಲಿ ಮಾದ್ಮೊಸೆಲ್? ಭಾನುವಾರ ಬಾ, ಸೋಮವಾರ ಬೇಡ, ಮಂಗಳವಾರ ಬುಡಸಮೇತ ಬಾ, ಬುಧವಾರ ಬೇಡ. ಇವತ್ತು ಪೋಸ್ಟಿನವನು ಬಂದು, ಕಡೀಬೇಕಂತೆ ಅಂದ. ನೀವು ಮತ್ತೆ ಬದಲಾಯ್ಸೋ ಮೊದ್ಲೇ ಮುಗಿಸ್ಬಿಡೋಣ ಅಂತ ತಿಂಡೀನೂ ತಿನ್ದೆ ಓಡಿ ಬಂದೆ. ನಿಮಗೆ ಒಳ್ಳೇದಾಗ್ಲಿ ಅಂತ!"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೆರ್ತೀಲ್ ಬಿದ್ದ ಮರದ ಕೊಂಬೆಗಳ ನಡುವೆ ನುಗ್ಗಿ, ಸ್ಕರ್ಟಿನ ಮುಂದಿನ ಬಟ್ಟೆಯನ್ನು ಮಡಿಲು ಮಾಡಿಕೊಂಡು ಕಾಯಿ ಕೀಳತೊಡಗಿದಳು. ತಡವಾಗಿ ಮಾಗುವ ಆ ಮರಗಳ ಇನ್ನೂ ಬಲಿಯದ, ಉದುರಲು ಹದಿನೈದು ದಿನ ಬೇಕಾಗಿದ್ದ ಹಸಿರು ಕಾಯಿ. ಹಿಂಡಿದರೆ ಯಾವ ಪ್ರಯೋಜನಕ್ಕೂ ಬಾರದ್ದು. ಬರಿಗಾಲಿನಲ್ಲಿ ರಕ್ತ ಬರುತ್ತಿದ್ದರೂ ಕೀಳುತ್ತಲೇ ಇದ್ದಳು.

ಅವಳ ಹಿಂದೆಯೇ ಓಡಿಬಂದಿದ್ದ ಇಸಿದೋರ್ ಐದನೆಯ ಮರದ ಹತ್ತಿರ ಬಗ್ಗಿ ಗಾಯದೊಳಗೆ ಕೈಯಿಟ್ಟು ನೋಡಿದ. ಒಂದು ಅಂಗೈ ಆಳಕ್ಕೆ ಹೋಗಿತ್ತು.

"ಬದುಕುತ್ತಾ?" ಎಂದು ಎವಾರಿಸ್ತನನ್ನು ಕೇಳಿದ.

"ಜೋರು ಗಾಳಿ ಬಂದ್ರೆ ಹೇಳಕ್ಕಾಗಲ್ಲ," ಅಂದ ಎವಾರಿಸ್ತ್. "ಬಿದ್ರೆ ನಿಮ್ಮ ಹಸು ಮೇಲೇ ಬೀಳ್ಬೋದು. ನನ್ನ ಕೇಳಿದ್ರೆ ಇದನ್ನೊಂದು ತೆಗ್ದು ಬಿಡೋದು ವಾಸಿ. ಈಗ್ಲೇ ಹೇಳಿ ಮಾದ್ಮೊಸೆಲ್. ಹೂಂ ಅಂದ್ರೆ ಹೂಂ."

ಬೆರ್ತೀಲ್ ಮಡಿಲಲ್ಲಿ ಕಾಯಿ ತುಂಬಿಕೊಂಡು ಎದ್ದು ಬಂದಳು. ಇಸಿದೋರನ ಮುಖ ನೋಡಿದಳು. ಅವರ ಒಪ್ಪಂದ ಹತ್ತೊಂಬತ್ತು ಮರದ್ದು. ಅವನು ಈಗ ಕೈ ಕೊಡವಿದರೆ ಕೇಳುವ ಬಾಯಿ ಅವಳಿಗಿರಲಿಲ್ಲ.

"ನನ್ನ ಮುಖ ಯಾಕೆ ನೋಡ್ತೀಯ? ಹಬ್ಬದವರೆಗೂ ಮರ ನಿಂದು," ಅಂದ ಇಸಿದೋರ್. "ನಾಲ್ಕು ಬೊಡ್ಡೆ ಸುತ್ತಿಕೊಂಡು ಹೋಗಕ್ಕೆ ನನ್ನ ಟ್ರ್ಯಾಕ್ಟರ್‌ಗೆ ಬರುತ್ತೆ. ಅದರ ಬೈಗುಳ ನಾನು ಕೇಳ್ಕೋತೀನಿ."

"ಇರ್ಲಿ," ಅಂದಳು ಅವಳು. "ಈ ಮರ ಇರ್ಲಿ."

ಎವಾರಿಸ್ತ್ ಸ್ವಲ್ಪ ಹೊತ್ತು ಕಾದ, ಅಭ್ಯಾಸಬಲದಿಂದ. ಅವಳು ಮಾತು ಬದಲಾಯಿಸಲಿಲ್ಲ. ಅವನು ಗರಗಸ ಹೆಗಲಿಗೇರಿಸಿಕೊಂಡು ಹೊರಟ.

ಗಾಯಕ್ಕೆ ಹೊಳೆಯ ಅಂಚಿನ ಜೇಡಿಮಣ್ಣನ್ನೂ ಸೆಗಣಿಯನ್ನೂ ಕಲಸಿ ಮೆತ್ತುವುದು ಅಲ್ಲಿನವರ ಹಳೆಯ ಮದ್ದು. ಮಣ್ಣು ಅವಳು ತಂದಳು. ಸೆಗಣಿಯನ್ನು ಇಸಿದೋರ್ ತನ್ನ ಕೊಟ್ಟಿಗೆಯಿಂದ ತಳ್ಳುಗಾಡಿಯಲ್ಲಿ ತಂದ. "ನಮ್ಮನೇದು ಬಿಸಿ ಬಿಸಿ ಇದೆ, ನಿಮ್ಮನೇದು ತೆಳ್ಳಗೆ, ಹಿಡಿಯಲ್ಲ" ಎಂದು ರೇಗಿಸಿದ. ಇಬ್ಬರೂ ಮೊಣಕೈವರೆಗೆ ಮೆತ್ತಿಕೊಂಡು ಗಾಯ ತುಂಬಿ, ಗೋಣಿಚೀಲ ಸುತ್ತಿ, ಹುರಿಯಿಂದ ಬಿಗಿದರು. ಮಧ್ಯಾಹ್ನ ಮನೆಗೆ ಹೋದಾಗ ಅಶೀಲ್ ಚುಟ್ಟ ಆರಿಸಿ ತಲೆ ತಗ್ಗಿಸಿ ಕೂತಿದ್ದ. "ನೀನೇ ಹೇಳಿದ್ದು" ಎಂದು ಅವನು ಮೆಲ್ಲಗೆ ಅಂದ. "ನಾನೇ ಹೇಳಿದ್ದು" ಎಂದು ಅವಳೂ ಅಂದಳು. ಆ ವಿಷಯ ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಹಬ್ಬದವರೆಗೆ ಉಳಿದ ದಿನಗಳೆಲ್ಲ ಅವಳಿಗೆ ಗಾಳಿಯದೇ ಚಿಂತೆ. ಎಲೆ ಅಲ್ಲಾಡಿದರೆ ಹೋಗಿ ನೋಡುತ್ತಿದ್ದಳು, ಅಲ್ಲಾಡದಿದ್ದರೆ ಯಾಕೆ ಅಲ್ಲಾಡಲಿಲ್ಲವೆಂದು ಹೋಗಿ ನೋಡುತ್ತಿದ್ದಳು. ಬೆಳಿಗ್ಗೆ ಇಸಿದೋರನ ಕೊಟ್ಟಿಗೆಯಲ್ಲಿ ಹಸುಗಳಿಗೆ ಪಟ್ಟಿಯ ಅಭ್ಯಾಸ ಮಾಡಿಸಿ ಎರಡು ಸಲ ಒದೆ ತಿಂದಳು. "ಕುಂಟ್ಕೊಂಡಾದ್ರೂ ನಿಧಾನಕ್ಕೆ ನಡೀತಿದೀಯಲ್ಲ" ಎಂದು ಅವನು ನಕ್ಕ. ಬಾಯಿಮಾತಿನ ಒಪ್ಪಂದ. ಬರುವ ವರ್ಷ ಅವನಿಗೆ ಬೇರೆ ಬುದ್ಧಿ ಬಂದರೆ ಅವಳು ಯಾವ ಕಚೇರಿಗೂ ಹೋಗುವಂತಿರಲಿಲ್ಲ. ತನ್ನ ಮಾತನ್ನು ಕೇಳಿದವರಿಗೆ ಇಷ್ಟು ವರ್ಷ ಹೇಗೆ ಅನ್ನಿಸಿರಬೇಕು ಎಂಬುದು ಅವಳಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ತಿಳಿಯುತ್ತಾ ಬಂದಿತ್ತು.

ಹಬ್ಬದ ದಿನ ಊರಿಗೆ ಊರೇ ಸಮಾಧಿಗಳಿಗೆ ಸೇವಂತಿಗೆ ಹೊತ್ತುಕೊಂಡು ಹೋಗಿತ್ತು. ಪಾದ್ರಿ ತೀರಿಕೊಂಡವರ ಹೆಸರುಗಳನ್ನು ಓದುತ್ತಿದ್ದ ಹಾಗೆಯೇ ಪಶ್ಚಿಮದಿಂದ ಗಾಳಿ ಎದ್ದಿತು. ಹೂಕುಂಡಗಳು ಉರುಳಿದವು, ಹೆಂಗಸರು ಟೋಪಿ ಹಿಡಿದುಕೊಂಡರು. ಬೆರ್ತೀಲ್ ಅಪ್ಪ ಅಮ್ಮನ ಕಲ್ಲಿನ ಮುಂದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ, ಕತ್ತು ತಿರುಗಿಸಿ ತಿರುಗಿಸಿ ಗೋಡೆಯಾಚೆ ನೋಡುತ್ತಿದ್ದಳು. ಎರಡು ಸಾಲಿನಾಚೆ ಹೆಂಡತಿಯ ಸಮಾಧಿಯ ಹತ್ತಿರ ನಿಂತಿದ್ದ ಇಸಿದೋರ್ ಅದನ್ನು ನೋಡಿದ. ಮೆಲ್ಲಗೆ ಪಕ್ಕಕ್ಕೆ ಬಂದ.

"ಹೋಗು, ನೋಡ್ಕೊಂಡ್ ಬಾ. ಇಲ್ಲಿರೋರು ಎಲ್ಲೂ ಹೋಗಲ್ಲ."

"ಈಗ ಅದು ನಿನ್ನ ಹೊಲ. ಇವತ್ತಿಂದ."

"ಹಾಗಾದ್ರೆ ನನ್ನ ಹೊಲ ನೋಡ್ಕೊಂಡ್ ಬಾ."

ಅವಳು ಪಾದ್ರಿಯ ಬೆನ್ನ ಹಿಂದಿನಿಂದ ನುಸುಳಿ ಹೊರಟಳು. ಹೊಲದ ಗೇಟಿಗೆ ಇಸಿದೋರ್ ಆಗಲೇ ಹೊಸ ಸರಪಳಿ ಹಾಕಿದ್ದ. ಅದರ ಮೇಲೆ ಹತ್ತಿ ಇಳಿದಳು. ಹದಿನೈದೂ ನಿಂತಿದ್ದವು. ಗೋಣಿಚೀಲ ಸುತ್ತಿದ ಮರ ಪ್ರತಿ ಬೀಸಿಗೂ ಬುಡದಲ್ಲಿ ಕಿರ್ರ್ ಅನ್ನುತ್ತಿತ್ತು, ಹುರಿ ಬಿಗಿದು ಸಡಿಲಾಗುತ್ತಿತ್ತು, ತುದಿಯಿಂದ ಮಾಗಿದ ಕಾಯಿ ಆಲಿಕಲ್ಲಿನ ಹಾಗೆ ಸುರಿಯುತ್ತಿತ್ತು. ಇದೇ ರಾತ್ರಿ ಬಿದ್ದೀತು, ಇನ್ನು ನೂರು ವರ್ಷ ನಿಂತೀತು, ಎರಡನ್ನೂ ನಂಬಲು ಅಡ್ಡಿಯಿರಲಿಲ್ಲ. ಬಿದ್ದ ಕಾಯಿ ಎರಡು ದಿನ ಬಿಟ್ಟರೆ ಕೊಳೆಯುತ್ತದೆ. ಅವಳು ಹಬ್ಬದ ಕೋಟನ್ನು ಕಳಚಿ ಹುಲ್ಲಿನ ಮೇಲೆ ಹಾಸಿ, ಮರ ವಾಲಬಹುದಾದ ಕಡೆಯನ್ನು ಬಿಟ್ಟು ಈ ಕಡೆಯಿಂದ ಆರಿಸತೊಡಗಿದಳು. ಗಾಳಿ ಬಂದಾಗೆಲ್ಲ ತಲೆಯೆತ್ತಿ ನೋಡುತ್ತ, ಒಂದು ಹಿಡಿ ಅವನ ಗುಡ್ಡೆಗೆ, ಒಂದು ಹಿಡಿ ತನ್ನ ಗುಡ್ಡೆಗೆ.